ತೌಡು ಕುಟ್ಟಿದ್ರೆ ಬ್ರೆಡ್ಡಿಗೆ ಪ್ರೋಟೀನ್ ಬರುತ್ತಾ?

ಒಂದು ಮೈಕ್ರೋಬ್ರೂವರಿಲಿ ಒಂದು ಸಲಕ್ಕೆ ಸಾವಿರ ಲೀಟರ್ ಬಿಯರ್ ಕಾಯಿಸಿದ್ರೆ ಹತ್ರಹತ್ರ ಇನ್ನೂರು ಕೆಜಿ ಒದ್ದೆ ಚರಟ ಉಳಿಯುತ್ತೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲೀನ ಒಡೆದು ಬಿಸಿನೀರಲ್ಲಿ ನೆನೆಹಾಕಿ, ಆ ಸಿಹಿನೀರು ಸೋಸ್ಕೊಂಡ್ಮೇಲೆ ತಳದಲ್ಲಿ ಉಳಿಯೋ ಸಿಪ್ಪೆ ಗಸಿ ಎಲ್ಲ ಸೇರಿದ್ದು ಅದು. ಪಿಷ್ಟ ಎಲ್ಲ ಸಕ್ಕರೆಯಾಗಿ ಬಿಯರ್ ಕಡೆ ಹೋಗಿರುತ್ತೆ, ಉಳಿದಿರೋದು ನಾರು ಮತ್ತೆ ಪ್ರೋಟೀನ್. ಬೆಂಗಳೂರಲ್ಲಿ 2011ರಲ್ಲಿ ಬಿಯರ್ ಕ್ಲಬ್ ಅಂತ ಮೊದಲ್ನೇದು ಶುರುವಾಯ್ತು, ಆಮೇಲೆ ಇಂದಿರಾನಗರ ಕೋರಮಂಗಲ ವೈಟ್‌ಫೀಲ್ಡ್ ಅಂತ ಎಲ್ಲಿ ನೋಡಿದ್ರೂ ತಾಮ್ರದ ಟ್ಯಾಂಕಿ. ಅಂದ್ರೆ ದಿನಾ ಈ ಊರಲ್ಲಿ ಟನ್ನುಗಟ್ಟಲೆ ಚರಟ ಹೊರಗೆ ಬೀಳ್ತಿದೆ. ಇಷ್ಟು ದಿನ ಟೆಂಪೋದವ್ರು ಡ್ರಮ್ಮಲ್ಲಿ ತುಂಬ್ಕೊಂಡು ಊರಾಚೆ ಹಸು ಸಾಕೋರಿಗೆ, ಹಂದಿ ಸಾಕೋರಿಗೆ ಕೊಡ್ತಿದ್ರು, ಈಗ ಇದನ್ನೇ ಒಣಗಿಸಿ ಹಿಟ್ಟು ಮಾಡಿ ಕುಕ್ಕೀಸು, ಬ್ರೆಡ್ಡು, ಲಾಡು ಮಾಡೋರು ಬಂದಿದಾರೆ. ಬೆಂಗಳೂರಲ್ಲೇ ಸೇವಿಂಗ್ ಗ್ರೇನ್ಸ್ ಅನ್ನೋ ಸಂಸ್ಥೆ ಈ ಕೆಲಸ ಮಾಡ್ತಿದೆ. ಸ್ಯಾನ್ ಫ್ರಾನ್ಸಿಸ್ಕೋದ ರೀಗ್ರೇನ್ಡ್ ಕಂಪನಿ ಅದಕ್ಕಿಂತ ಮುಂಚೇನೇ ಚಿಕ್ಕಿ ಥರದ ತಿನ್ನೋ ಬಾರ್ ಮಾಡಿ ಮಾರ್ತಿತ್ತು, ಕಾಲೇಜ್ ಹುಡುಗ್ರು ರೂಮಲ್ಲಿ ಬಿಯರ್ ಮಾಡಿ, ಉಳಿದ ಚರಟದಲ್ಲಿ ಬ್ರೆಡ್ ಸುಟ್ಟು ಶುರುವಾದ ಕಥೆ ಅದು.

ಇದನ್ನೆಲ್ಲ ಓದಿ ನಂಗೂ ಒಂದು ಹುಚ್ಚು ಹತ್ತಿ, ಪರಿಚಯದವ್ರ ಮೂಲಕ ಐದು ಕೆಜಿ ಚರಟ ತರಿಸಿದೆ. ಶನಿವಾರ ಮಧ್ಯಾಹ್ನ ಬಂತು, ಸಂಜೆ ನೋಡೋಣ ಅಂತ ಬಕೆಟ್ಟಲ್ಲೇ ಬಿಟ್ಟೆ, ಸಂಜೆ ನೆಂಟ್ರು ಬಂದ್ರು, ಭಾನುವಾರ ಬೆಳಿಗ್ಗೆ ಮುಚ್ಚಳ ತೆಗೆದ್ರೆ ಹುಳಿ ವಾಸನೆ ಅಂದ್ರೆ ಹುಳಿ ವಾಸನೆ, ದೋಸೆ ಹಿಟ್ಟು ಎರಡು ದಿನ ಹೊರಗಿಟ್ಟಂಗೆ. ತಪ್ಪು ನಂದೇ. ಮುಕ್ಕಾಲು ಪಾಲು ನೀರೇ ಇರೋ, ಸಕ್ಕರೆ ಅಂಟ್ಕೊಂಡಿರೋ, ಬೆಚ್ಚಗಿರೋ ಪದಾರ್ಥ ನಮ್ಮ ಹವೆಲಿ ಒಂದು ದಿನ ತಡೆಯೋದೂ ಕಷ್ಟ. ಎರಡ್ನೇ ಸಲ ಬಂದ ತಕ್ಷಣ ಬಟ್ಟೇಲಿ ಹಿಂಡಿ, ಓವನ್ನಲ್ಲಿ ಸಣ್ಣ ಉರಿಗೆ ಆರೇಳು ಗಂಟೆ ಒಣಗಿಸಿ ಮಿಕ್ಸಿಗೆ ಹಾಕ್ದೆ, ಐದು ಕೆಜಿಗೆ ಒಂದು ಕೆಜಿ ಚಿಲ್ಲರೆ ಪುಡಿ ಸಿಕ್ತು. ಬಣ್ಣ ಹುರಿದ ರಾಗಿ ಹಿಟ್ಟಿನ ಥರ, ವಾಸನೆ ಮಾತ್ರ ಚೆನ್ನಾಗಿತ್ತು, ಹುರಿಗಡಲೆ ಮತ್ತೆ ಹಾರ್ಲಿಕ್ಸ್ ಸೇರ್ಸಿದಂಗೆ. ಮೈದಾದಲ್ಲಿ ಕಾಲು ಭಾಗ ಇದನ್ನ ಬೆರೆಸಿ ಮಾಡಿದ ಬ್ರೆಡ್ಡು ಇಟ್ಟಿಗೆ ಆಯ್ತು. ಅದೇ ಅಳತೇಲಿ ಮಾಡಿದ ಖಾರ ಬಿಸ್ಕೆಟ್ ಮಾತ್ರ ಎರಡು ದಿನದಲ್ಲಿ ಖಾಲಿ. ಯಾಕೆ ಹಂಗೆ ಅಂತ ಆಮೇಲೆ ಹೇಳ್ತೀನಿ, ಮೊದ್ಲು ಈ ಪ್ರೋಟೀನ್ ಲೆಕ್ಕ ಮುಗಿಸ್ಕೊಳೋಣ, ಯಾಕಂದ್ರೆ ಇಡೀ ವಿಷಯ ಮಾರಾಟ ಆಗ್ತಿರೋದೇ ಆ ಒಂದು ಪದದ ಮೇಲೆ.

ಒಣಗಿಸಿದ ಬಾರ್ಲಿ ಚರಟದಲ್ಲಿ ನೂರಕ್ಕೆ ಇಪ್ಪತ್ತರ ಆಸುಪಾಸು ಪ್ರೋಟೀನ್ ಇರುತ್ತೆ, ಬಾರ್ಲಿ ಜಾತಿ ಮೇಲೆ, ಬ್ರೂ ಮಾಡೋ ರೀತಿ ಮೇಲೆ 15ರಿಂದ 30ರವರೆಗೂ ಹೋಗಬಹುದು. ನಾರು ಅರ್ಧಕ್ಕಿಂತ ಜಾಸ್ತೀನೇ. ಕೇಳಕ್ಕೆ 20 ಪರ್ಸೆಂಟ್ ಅಂದ್ರೆ ಭಾರಿ ಅನ್ಸುತ್ತೆ, ಕಡಲೆಬೇಳೆ ಲೆವೆಲ್ಲು. ಆದ್ರೆ ಬ್ರೆಡ್ಡಲ್ಲಿ ಇದನ್ನ ಹಾಕಕ್ಕಾಗೋದು ಹಿಟ್ಟಿನ ತೂಕದ ಹತ್ತು ಪರ್ಸೆಂಟ್, ಅದ್ರ ಮೇಲೆ ಹೋದ್ರೆ ನನ್ನ ಇಟ್ಟಿಗೆ ಕಥೆ. ಈಗ ಲೆಕ್ಕ ಹಾಕಿ. ಮೈದಾದಲ್ಲೇ 11 ಗ್ರಾಂ ಪ್ರೋಟೀನ್ ಇದೆ ಅನ್ಕೊಳ್ಳಿ. ನೂರು ಗ್ರಾಂ ಮೈದಾದಲ್ಲಿ ಹತ್ತು ಗ್ರಾಂ ತೆಗೆದು ಅಷ್ಟೇ ಚರಟದ ಹಿಟ್ಟು ಹಾಕಿದ್ರೆ, 90 ಗ್ರಾಂ ಮೈದಾದಿಂದ 9.9, ಚರಟದಿಂದ 2, ಒಟ್ಟು 11.9 ಗ್ರಾಂ. ಜಾಸ್ತಿ ಆಗಿದ್ದು ಒಂದು ಗ್ರಾಮಿಗೆ ಸ್ವಲ್ಪ ಕಮ್ಮಿ. ಎರಡು ಸ್ಲೈಸ್ ಬ್ರೆಡ್ಡಲ್ಲಿ ಹೆಚ್ಚೂಕಮ್ಮಿ 40 ಗ್ರಾಂ ಹಿಟ್ಟಿರುತ್ತೆ, ಅಂದ್ರೆ ಬೆಳಿಗ್ಗೆ ತಿಂಡಿಗೆ ನಿಮಗೆ ಸಿಕ್ಕ ಎಕ್ಸ್ಟ್ರಾ ಪ್ರೋಟೀನ್ ಅರ್ಧ ಗ್ರಾಂ ಕೂಡ ಇಲ್ಲ! ಒಂದು ಚಮಚ ಶೇಂಗಾ ಚಟ್ನಿಪುಡಿ ಉದುರಿಸ್ಕೊಂಡ್ರೆ ಅದಕ್ಕಿಂತ ಜಾಸ್ತಿ ಬರುತ್ತೆ. ನಾರು ಮಾತ್ರ ನಿಜವಾಗ್ಲೂ ಏರುತ್ತೆ, ನೂರು ಗ್ರಾಂ ಹಿಟ್ಟಿಗೆ ಐದು ಗ್ರಾಂ ಹತ್ರ, ಮೈದಾ ಬ್ರೆಡ್ಡಿಗೆ ಅದು ದೊಡ್ಡ ವ್ಯತ್ಯಾಸ. ಹಂಗಾಗಿ ನನ್ನ ಪ್ರಕಾರ ಇದು ನಾರಿನ ಕಥೆ, ಅದನ್ನ ಪ್ರೋಟೀನ್ ಕಥೆ ಅಂತ ಮಾರ್ತಿದಾರೆ ಅಷ್ಟೆ. ನಾರು ಅಂದ್ರೆ ಯಾರಿಗೆ ಬೇಕು, ಮಲಬದ್ಧತೆ ನೆನಪಾಗುತ್ತೆ, ಪ್ರೋಟೀನ್ ಅಂದ್ರೆ ಜಿಮ್ ನೆನಪಾಗುತ್ತೆ.

ಲೇಬಲ್ ವಿಚಾರ ಇನ್ನೂ ಮಜಾ ಇದೆ. ಆಹಾರ ಸುರಕ್ಷತೆ ನೋಡ್ಕೊಳೋ ಕೇಂದ್ರದ ಎಫ್‌ಎಸ್‌ಎಸ್‌ಎಐ 2018ರಲ್ಲಿ ತಂದ ನಿಯಮದಲ್ಲಿ ಘನ ಪದಾರ್ಥ ನೂರು ಗ್ರಾಂನಲ್ಲಿ ದಿನಕ್ಕೆ ಬೇಕಾದ ಪ್ರೋಟೀನಿನ ಶೇ. 10 ಇದ್ರೆ ಪ್ರೋಟೀನ್ ಮೂಲ ಅಂತ, ಶೇ. 20 ಇದ್ರೆ ಹೈ ಪ್ರೋಟೀನ್ ಅಂತ ಹಾಕ್ಕೊಬಹುದು. ನಮ್ಮ ಪೌಷ್ಟಿಕತೆ ಸಂಸ್ಥೆ 2020ರಲ್ಲಿ ಹೇಳಿದ ಲೆಕ್ಕದಲ್ಲಿ 65 ಕೆಜಿ ತೂಕದ ಗಂಡಸಿಗೆ ದಿನಕ್ಕೆ 54 ಗ್ರಾಂ, 55 ಕೆಜಿಯ ಹೆಂಗಸಿಗೆ 46 ಗ್ರಾಂ. ಅದರ ಶೇ. 10 ಅಂದ್ರೆ ಐದೂವರೆ ಗ್ರಾಂ. ನಮ್ಮ ಬೀದಿ ಅಯ್ಯಂಗಾರ್ ಬೇಕರಿಯ ಸಾದಾ ಬಿಳಿ ಬ್ರೆಡ್ಡಲ್ಲಿ ಏನೂ ಹಾಕದೆ ಎಂಟು ಗ್ರಾಂ ಇರುತ್ತೆ ಸ್ವಾಮಿ! ಅಂದ್ರೆ ಅದೂ ಪ್ರೋಟೀನ್ ಮೂಲಾನೇ. ಇನ್ನು ಹೈ ಅಂತ ಹಾಕ್ಕೊಳಕ್ಕೆ 11 ಗ್ರಾಂ ಸಾಕು, ಎರಡು ಮೂರು ಗ್ರಾಂ ಮೇಲೆ ಎಳೆದ್ರೆ ಮುಗೀತು. ಈ ಸಣ್ಣ ಗ್ಯಾಪ್ ತುಂಬಕ್ಕೆ ಕೈಗೆ ಅಗ್ಗವಾಗಿ ಸಿಗೋದು ಗೋಧಿಯಿಂದಾನೇ ತೆಗೆದ ಒಣ ಗ್ಲುಟನ್ (ಹಿಟ್ಟಿಗೆ ಜಿಗುಟು ಕೊಡೋ ಪ್ರೋಟೀನ್) ಪುಡಿ, ಪಿಷ್ಟ ಮಾಡೋ ಫ್ಯಾಕ್ಟರಿಯ ಉಪ ಉತ್ಪನ್ನ ಅದು, ಮುಕ್ಕಾಲು ಭಾಗ ಬರೀ ಪ್ರೋಟೀನ್. ಹಾಕಿದ್ರೆ ಬ್ರೆಡ್ಡೂ ಚೆನ್ನಾಗಿ ಉಬ್ಬುತ್ತೆ, ಲೇಬಲ್ ನಂಬರ್ರೂ ಉಬ್ಬುತ್ತೆ. ಆದ್ರೆ ಗುಣ ಕೇಳಿದ್ರೆ ಪ್ರೋಟೀನುಗಳಲ್ಲೇ ಕಡೆ ಬೆಂಚಿನದು.

ಗುಣ ಅಂದ್ರೆ ಏನು ಅಂತ ಸ್ವಲ್ಪ ನಿಂತು ನೋಡ್ಬೇಕು, ವಿಷಯದ ತಿರುಳು ಇಲ್ಲೇ ಇರೋದು. ಪ್ರೋಟೀನ್ ಅನ್ನೋದು ಅಮೈನೋ ಆಮ್ಲಗಳ ಸರ. ಅದ್ರಲ್ಲಿ ಕೆಲವನ್ನ ನಮ್ಮ ಮೈ ಮಾಡ್ಕೊಳಲ್ಲ, ಊಟದಲ್ಲೇ ಬರ್ಬೇಕು, ಅದ್ರಲ್ಲಿ ಒಂದು ಲೈಸಿನ್. ದೊಡ್ಡೋರಿಗೆ ಒಂದು ಗ್ರಾಂ ಪ್ರೋಟೀನಿಗೆ 45 ಮಿಲಿಗ್ರಾಂ ಲೈಸಿನ್ ಇರ್ಬೇಕು ಅಂತ ವಿಶ್ವಸಂಸ್ಥೆಯ ಆಹಾರ ಸಂಸ್ಥೆ ಎಫ್‌ಎಓ ಲೆಕ್ಕ, ಗೋಧೀಲಿ ಇರೋದು 27ರ ಆಸುಪಾಸು. ಗ್ಲುಟನ್ನಲ್ಲಿ ಇನ್ನೂ ಕಮ್ಮಿ. ಹಿತ್ತಲ ಗೋಡೆಗೆ ಹತ್ತು ಸಾವಿರ ಇಟ್ಟಿಗೆ ತರ್ಸಿ ಸಿಮೆಂಟ್ ಬರೀ ಎರಡು ಮೂಟೆ ತಂದಂಗೆ, ಗೋಡೆ ಎಷ್ಟೆತ್ತರ ಏಳುತ್ತೆ ಅನ್ನೋದು ಸಿಮೆಂಟ್ ಮೇಲೆ ನಿಂತಿರುತ್ತೆ, ಇನ್ನೂ ನಾಲ್ಕು ಲೋಡ್ ಇಟ್ಟಿಗೆ ಇಳ್ಸಿದ್ರೆ ಏನ್ ಬಂತು. ಬೇಳೆಕಾಳಲ್ಲಿ ಲೈಸಿನ್ ಧಾರಾಳ, 65-70 ಮಿಲಿಗ್ರಾಂ. ಹಳ್ಳಿ ಕಡೆ ನಮ್ಮ ಜನಕ್ಕೆ ಪ್ರೋಟೀನಿನ ಹತ್ರಹತ್ರ ಅರ್ಧ ಭಾಗ ಬರೋದೇ ಅಕ್ಕಿ ಗೋಧಿ ರಾಗಿ ಜೋಳದಿಂದ, ಹಾಗಾಗಿ ನಮ್ಮಲ್ಲಿ ಒಟ್ಟು ಪ್ರೋಟೀನ್ ಎಷ್ಟು ಅನ್ನೋದಕ್ಕಿಂತ ಲೈಸಿನ್ ಎಷ್ಟು ಅನ್ನೋದೇ ದೊಡ್ಡ ಪ್ರಶ್ನೆ.

ತೌಡು ಬೂಸಾಗಳ ಪರವಾಗಿ ಮಾತಾಡ್ಬೇಕಾಗಿರೋದು ಇಲ್ಲಿ. ಕಾಳಿನ ಒಳಗಿನ ಬಿಳಿ ಭಾಗದಲ್ಲಿ ಇರೋ ಪ್ರೋಟೀನ್ ಬೇರೆ, ಹೊರಪದರ ಮತ್ತೆ ಮೊಳಕೆ ಮೂತಿಯಲ್ಲಿ (ಕಾಳಿನ ತುದೀಲಿ ಮೊಳಕೆ ಒಡೆಯೋ ಭಾಗ) ಇರೋ ಪ್ರೋಟೀನ್ ಬೇರೆ. ಮೊದಲ್ನೇದು ಗಿಡಕ್ಕೆ ಬುತ್ತಿ, ಎರಡ್ನೇದು ಜೀವ ಇರೋ ಜಾಗ, ಅಲ್ಲಿ ಲೈಸಿನ್ ಜಾಸ್ತಿ. ಗೋಧಿ ಮೊಳಕೆ ಮೂತಿಯಲ್ಲಿ ಗ್ರಾಮಿಗೆ 60 ಮಿಲಿಗ್ರಾಂ ಹತ್ರ, ಅಕ್ಕಿ ತೌಡಲ್ಲಿ ಸರಿಸುಮಾರು ಬೇಕಾದಷ್ಟು. ನಾವು ಮಿಲ್ಲಿಗೆ ಹಾಕಿ ಬೆಳ್ಳಗೆ ಮಾಡಿ ಅತ್ತ ಬಿಸಾಕೋದು ಒಳ್ಳೆ ಭಾಗಾನ, ಆಮೇಲೆ ಅದನ್ನೇ ಸ್ಯಾಶೆಲಿ ತುಂಬಿ ಕೆಜಿಗೆ ಮುನ್ನೂರು ರೂಪಾಯಿ ಕೊಟ್ಟು ವಾಪಸ್ ತರೋದು. ಚಕ್ಕಿಲಿ ಬೀಸಿದ ಗೋಧಿ ಹಿಟ್ಟಿನ ಚಪಾತಿ ತಿನ್ನೋರು ಈ ಸರ್ಕಸ್ ಇಲ್ದೇನೇ ಬೂಸಾ ಸಮೇತ ತಿಂತಿದಾರೆ ಅನ್ನೋದನ್ನ ಯಾರೂ ಜಾಹೀರಾತಲ್ಲಿ ಹೇಳಲ್ಲ.

(ಬೂಸಾ ಅಂದ ತಕ್ಷಣ ಸ್ವಲ್ಪ ವಯಸ್ಸಾದೋರಿಗೆ 1973 ನೆನಪಾಗ್ಬೇಕು. ಮಂತ್ರಿ ಆಗಿದ್ದ ಬಸವಲಿಂಗಪ್ಪನವರು ಮೈಸೂರಲ್ಲಿ ಕನ್ನಡ ಸಾಹಿತ್ಯ ಬೂಸಾ ಅಂದಿದ್ದಕ್ಕೆ ರಾಜ್ಯಾನೇ ಹೊತ್ತಿ ಉರೀತು, ಮಂತ್ರಿಗಿರಿ ಹೋಯ್ತು. ಬೂಸಾ ಅನ್ನೋದು ನಮ್ಮಲ್ಲಿ ಬೈಗುಳ, ತೌಡು ಕುಟ್ಟೋದು ಅಂದ್ರೆ ದಂಡದ ಕೆಲಸ. ಭಾಷೇಲೇ ಹಿಂಗೆ ಕೂತಿರೋದನ್ನ ಬಿಸ್ಕೆಟ್ಟಲ್ಲಿ ಹಾಕಿ ಮಾರೋದು ಸುಲಭ ಅಲ್ಲ, ಅದಕ್ಕೇ ಎಲ್ಲರೂ ಇಂಗ್ಲಿಷ್ ಹೆಸರು ಹುಡುಕೋದು.)

ಲೈಸಿನ್ ಕಥೇಲಿ ಒಂದು ಕೆಟ್ಟ ತಿರುವಿದೆ. ಬ್ರೆಡ್ಡಿನ ಮೇಲಿನ ಆ ಕಂದು ಬಣ್ಣ, ಬಿಸ್ಕೆಟ್ಟಿನ ಘಮ, ಅದು ಹುಟ್ಟೋದು ಸಕ್ಕರೆ ಮತ್ತೆ ಅಮೈನೋ ಆಮ್ಲ ಬಿಸಿಯಲ್ಲಿ ಕೂಡಿದಾಗ, ಮೇಲ್ಯಾರ್ಡ್ ಕ್ರಿಯೆ ಅಂತಾರೆ. ಆ ಕ್ರಿಯೆಗೆ ಮೊದಲು ಬಲಿ ಆಗೋದೇ ಲೈಸಿನ್. ದಪ್ಪ ಬ್ರೆಡ್ಡಲ್ಲಿ ಮೇಲ್ಪದರದಲ್ಲಷ್ಟೇ ಆಗೋ ನಷ್ಟ ತೆಳ್ಳಗಿರೋ ಬಿಸ್ಕೆಟ್ಟು, ಎರಡು ಸಲ ಸುಡೋ ರಸ್ಕಲ್ಲಿ ಜಾಸ್ತಿ. ಕಷ್ಟಪಟ್ಟು ಲೈಸಿನ್ ಇರೋ ಪ್ರೋಟೀನ್ ಸೇರ್ಸಿ, ಜೊತೆಗೆ ಸಕ್ಕರೆ ಸುರಿದು, ಹದವಾಗಿ ಕೆಂಪಗೆ ಸುಟ್ಟು ಒಂದಷ್ಟನ್ನ ಅಲ್ಲೇ ಕಳಕೊಂಡಂಗಾಯ್ತು. ಇದಕ್ಕೆ ಉಪಾಯ ಅಂದ್ರೆ ಸಿಹಿ ಕಮ್ಮಿ ಮಾಡೋದು, ಉರಿ ಕಮ್ಮಿ ಮಾಡೋದು. ಖಾರ ಬಿಸ್ಕೆಟ್ಟು, ನಿಪ್ಪಟ್ಟು ಥರದವು ಇಲ್ಲಿ ಬೆಣ್ಣೆ ಬಿಸ್ಕೆಟ್ಟಿಗಿಂತ ವಾಸಿ. ಲೈಸಿನ್ನನ್ನೇ ನೇರವಾಗಿ ಬ್ರೆಡ್ಡಿಗೆ ಹಾಕೋ ಪ್ರಯೋಗಾನೂ ನಮ್ಮ ದೇಶದಲ್ಲಿ ಆಗಿದೆ, 1965ರಲ್ಲಿ ಸರ್ಕಾರ ಶುರು ಮಾಡಿದ ಮಾಡರ್ನ್ ಬೇಕರೀಸ್ ಆ ದಶಕದ ಕೊನೇಲಿ ವಿಟಮಿನ್ ಜೊತೆ ಲೈಸಿನ್ ಸೇರ್ಸಿದ ಬ್ರೆಡ್ ಮಾರ್ತಿತ್ತು. ಆ ಕಂಪನಿಯನ್ನ 2000ದಲ್ಲಿ ಹಿಂದೂಸ್ತಾನ್ ಲಿವರಿಗೆ ಮಾರಿದ್ರು. ಬ್ರೆಡ್ ಅವತ್ತಿಗೆ ತಿಂತಿದ್ದೋರು ಪೇಟೆ ಜನ, ಅವ್ರಿಗೆ ಹಾಲು ಬೇಳೆ ಹೆಂಗೂ ಸಿಗ್ತಿತ್ತು. ಕೊರತೆ ಇದ್ದೋರ ಮನೇಲಿ ಬ್ರೆಡ್ ಬರ್ತಿದ್ದಿದ್ದು ಜ್ವರ ಬಂದಾಗ ಮಾತ್ರ.

ಈಗ ಇಟ್ಟಿಗೆ ವಿಷಯ. ಮೈದಾ ನಾದಿದಾಗ ಗ್ಲುಟನ್ ಎಳೆಗಳು ಬಲೆ ಕಟ್ಟುತ್ವೆ, ಯೀಸ್ಟ್ ಬಿಡೋ ಗಾಳಿ ಆ ಬಲೆಯೊಳಗೆ ಬಲೂನಿನ ಥರ ತುಂಬ್ಕೊಳುತ್ತೆ. ಬೂಸಾ, ಚರಟ ಹಾಕಿದ್ರೆ ಮೊದಲು ಗ್ಲುಟನ್ ಪಾಲು ಕಮ್ಮಿ ಆಗುತ್ತೆ, ಅದು ಸರಿ. ಜೊತೆಗೆ ಆ ಚೂಪಾದ ಸಿಪ್ಪೆ ಚೂರುಗಳು ಬಲೂನ್ ಚುಚ್ಚುತ್ವೆ. ಮೂರನೇದು ನೀರಿನ ಜಗಳ, ನಾರು ಅನ್ನೋದು ತನ್ನ ತೂಕಕ್ಕಿಂತ ಎಷ್ಟೋ ಪಟ್ಟು ನೀರು ಕುಡೀತದೆ, ಗ್ಲುಟನ್ನಿಗೆ ಉಳಿಯೋದೇ ಇಲ್ಲ, ಹಿಟ್ಟು ನಾದೋವಾಗ ಸರಿ ಇದೆ ಅನ್ಸಿದ್ದು ಅರ್ಧ ಗಂಟೆಗೆ ಗಟ್ಟಿ ಹಿಟ್ಟಾಗಿರುತ್ತೆ. ಗೋಧಿ ಮೊಳಕೆ ಮೂತಿ ಹಾಕಿದ್ರಂತೂ ಅದ್ರಲ್ಲಿರೋ ಗ್ಲುಟಾಥಯೋನ್ ಅನ್ನೋ ಪದಾರ್ಥ ಗ್ಲುಟನ್ ಎಳೆಗಳ ಗಂಟುಗಳನ್ನೇ ಬಿಚ್ಚಿಹಾಕುತ್ತೆ, ಹಿಟ್ಟು ಜೋಲುತ್ತೆ. ಪರಿಹಾರಗಳು ಇವೆ: ನುಣ್ಣಗೆ ಬೀಸೋದು, ಹಿಟ್ಟಿಗೆ ಹಾಕೋ ಮುಂಚೆ ನೀರಲ್ಲಿ ನೆನೆಸಿಡೋದು, ಕ್ಸೈಲನೇಸ್ ಅನ್ನೋ ಕಿಣ್ವ ಹಾಕೋದು, ಒಣ ಗ್ಲುಟನ್ ಸೇರ್ಸೋದು. ನಂಗೆ ಇವೆಲ್ಲದಕ್ಕಿಂತ ಚೆನ್ನಾಗಿ ಕಂಡಿದ್ದು ಹುಳಿ ಬರಿಸೋದು, ರಾತ್ರಿಯಿಡೀ ಚರಟದ ಹಿಟ್ಟನ್ನ ಹುಳಿಹಿಟ್ಟಿನ ಜೊತೆ ಕಲಸಿಟ್ರೆ ನಾರು ಮೆತ್ತಗಾಗುತ್ತೆ, ಜೊತೆಗೆ ಕಬ್ಬಿಣ ಸತುವನ್ನ ಹಿಡ್ಕೊಂಡು ಬಿಡದೆ ಕೂತಿರೋ ಫೈಟಿಕ್ ಆಮ್ಲಾನೂ ಒಡೆಯುತ್ತೆ. ಇಡ್ಲಿ ದೋಸೆ ಮಾಡೋರಿಗೆ ಇದೇನು ಹೊಸ ಪಾಠ ಅಲ್ಲ. ಬಿಸ್ಕೆಟ್ಟಿಗೆ ಈ ತಾಪತ್ರಯ ಯಾವುದೂ ಇಲ್ಲ, ಅಲ್ಲಿ ಗ್ಲುಟನ್ ಬಲೆ ಕಟ್ಟೋದೇ ಬೇಡ, ಕಟ್ಟಿದ್ರೆ ಗಟ್ಟಿಯಾಗುತ್ತೆ ಅಂತ ಬೇಕರಿಯೋರು ಕಮ್ಮಿ ನಾದ್ತಾರೆ, ಹಾಗಾಗಿ ಇಪ್ಪತ್ತು ಪರ್ಸೆಂಟ್ ಬೂಸಾನೂ ನುಂಗ್ಕೊಳುತ್ತೆ, ಹಸಿಮೆಣಸಿನಕಾಯಿ ಕರಿಬೇವು ಇದ್ರೆ ಕಹಿ ಒಗರು ಗೊತ್ತೇ ಆಗಲ್ಲ.

ಒಣಗಿಸೋ ಖರ್ಚು ನೋಡಿ. ಇನ್ನೂರು ಕೆಜಿ ಒದ್ದೆ ಚರಟದಲ್ಲಿ ನೂರೈವತ್ತು ಕೆಜಿ ನೀರು. ಅಷ್ಟು ನೀರು ಆವಿ ಮಾಡಕ್ಕೆ ಭೌತಶಾಸ್ತ್ರದ ಲೆಕ್ಕದಲ್ಲೇ 94 ಯೂನಿಟ್ ಕರೆಂಟಿನಷ್ಟು ಶಾಖ ಬೇಕು, ನಿಜವಾದ ಡ್ರೈಯರಲ್ಲಿ ಅದಕ್ಕಿಂತ ಜಾಸ್ತಿ, ಸಿಗೋದು 45-50 ಕೆಜಿ ಹಿಟ್ಟು. ಕೆಜಿಗೆ ಎರಡು ಯೂನಿಟ್ಟಿಗೆ ಮೇಲೆ ಬರೀ ಒಣಗಿಸಕ್ಕೆ, ಆಮೇಲೆ ಟೆಂಪೋ, ಬೀಸೋದು, ಪ್ಯಾಕಿಂಗ್, ಹಾಳಾದದ್ದು. ಮೊದಲು ಪ್ರೆಸ್ಸಲ್ಲಿ ಹಿಂಡಿದ್ರೆ ಖರ್ಚು ಇಳಿಯುತ್ತೆ, ಆದ್ರೆ ಹಿಂಡಿದ ನೀರಲ್ಲಿ ಒಂದಿಷ್ಟು ಪ್ರೋಟೀನೂ ಹೋಗುತ್ತೆ. ಹತ್ತು ಮೈಕ್ರೋಬ್ರೂವರಿಗಳಿಂದ ಟ್ರಾಫಿಕ್ಕಲ್ಲಿ ಒಟ್ಟು ಮಾಡೋದಕ್ಕಿಂತ ಒಂದೇ ದೊಡ್ಡ ಬ್ರೂವರಿ ಪಕ್ಕದಲ್ಲೇ ಡ್ರೈಯರ್ ಹಾಕೋದು ಸುಲಭ, ಬಡ್‌ವೈಸರ್ ಮಾಡೋ ಎಬಿ ಇನ್‌ಬೆವ್ ತನ್ನದೇ ಎವರ್‌ಗ್ರೇನ್ ಅನ್ನೋ ಕಂಪನಿ ಮಾಡಿ ಚರಟದಿಂದ ಬಾರ್ಲಿ ಪ್ರೋಟೀನನ್ನೇ ಬೇರ್ಪಡಿಸಿ ಮಾರಕ್ಕೆ ಹೊರಟಿದ್ದು ಈ ಕಾರಣಕ್ಕೂ ಇರಬಹುದು. ಹಂಗೆ ಬೇರ್ಪಡಿಸಿದ ಪುಡಿ ಹಾಕಿದ್ರೆ ಮಾತ್ರ ಪ್ರೋಟೀನ್ ಲೆಕ್ಕ ನಿಜವಾಗಿ ಬದಲಾಗೋದು, ಹತ್ತು ಗ್ರಾಮಲ್ಲಿ ಎರಡರ ಬದ್ಲು ಏಳೆಂಟು ಗ್ರಾಂ ಬರುತ್ತೆ. ಬಾರ್ಲಿಲಿ ಗ್ಲುಟನ್ ಥರದ್ದೇ ಹಾರ್ಡೀನ್ ಇದೆ, ಗ್ಲುಟನ್ ಒಗ್ಗದ ಸೀಲಿಯಾಕ್ ಕಾಯಿಲೆ ಇರೋರು ಯಾವ ಚರಟದ ಬಿಸ್ಕೆಟ್ಟನ್ನೂ ಮುಟ್ಟಬಾರದು.

ಇನ್ನೊಂದು ಕಡೆ, ಬಿಯರಿಗಿಂತ ಎಷ್ಟೋ ದೊಡ್ಡ ಪ್ರಮಾಣದಲ್ಲಿ ಬರ್ತಿರೋದು ಎಥನಾಲ್ ಫ್ಯಾಕ್ಟರಿಗಳ ಚರಟ. ಪೆಟ್ರೋಲಿಗೆ ಶೇ. 20 ಎಥನಾಲ್ ಬೆರೆಸೋ ಗುರಿ 2025ರಲ್ಲಿ ಮುಟ್ಟಿದ್ರು, ಅದಕ್ಕೆ ಕಬ್ಬು ಸಾಲದೆ ಮೆಕ್ಕೆಜೋಳ ನುಚ್ಚಕ್ಕಿ ಸುರೀತಿದಾರೆ. ಮೂರು ಮೂಟೆ ಮೆಕ್ಕೆಜೋಳ ಹಾಕಿದ್ರೆ ಒಂದು ಮೂಟೆಗೆ ಸ್ವಲ್ಪ ಕಮ್ಮಿ ಡಿಡಿಜಿಎಸ್ ಅಂತ ಒಣ ಚರಟ ಬರುತ್ತೆ, ಅದ್ರಲ್ಲಿ ಶೇ. 28-30 ಪ್ರೋಟೀನ್, ಅಕ್ಕಿದಾದ್ರೆ 45ರವರೆಗೂ. ಇದು ಕೋಳಿ ಫೀಡಿಗೆ ಹೋಗಿ ಸೋಯಾ ಹಿಂಡಿ ರೇಟನ್ನ ಕೆಳಗೆ ಎಳೀತಿದೆ. ಅತ್ತ ಗದಗ ಹಾವೇರಿ ಕಡೆ ರೈತರು 2025ರ ನವೆಂಬರಲ್ಲಿ ಮೆಕ್ಕೆಜೋಳಕ್ಕೆ 2400 ರೂಪಾಯಿ ಬೆಂಬಲ ಬೆಲೆ ಸಿಕ್ತಿಲ್ಲ, ಖರೀದಿ ಕೇಂದ್ರ ತೆಗೀರಿ ಅಂತ ರಸ್ತೆಲಿ ಕೂತಿದ್ರು, ಅದು ಬೇರೆಯೇ ಬರೀಬೇಕಾದ ವಿಷಯ. ಈ ಡಿಡಿಜಿಎಸ್ಸನ್ನ ಮನುಷ್ಯರು ತಿನ್ನೋ ಹಂಗೆ ಮಾಡ್ಬಹುದಾ ಅಂತ ಅಮೆರಿಕದ ಸೌತ್ ಡಕೋಟಾ ಸ್ಟೇಟ್ ಯೂನಿವರ್ಸಿಟಿಲಿ ಪದ್ಮನಾಭನ್ ಕೃಷ್ಣನ್ ಅನ್ನೋ ಆಹಾರ ವಿಜ್ಞಾನಿ ವರ್ಷಗಟ್ಟಲೆ ಕೆಲಸ ಮಾಡಿದ್ರು, ವಾಸನೆ ಬಣ್ಣ ತೆಗೆದು ನುಣ್ಣಗೆ ಬೀಸಿ ಚಪಾತಿ ನಾನ್‌ಗೆ ಹಾಕಿ ನೋಡಿದ್ರು, 20 ಪರ್ಸೆಂಟ್ ಬೆರೆಸಿದಾಗ ಚಪಾತಿ ಪ್ರೋಟೀನ್ ಹತ್ತೂವರೆಯಿಂದ ಹದಿನೈದರ ಹತ್ರ ಹೋಯ್ತು. ಚಪಾತಿ ಉಬ್ಬಿ ನಿಲ್ಲಬೇಕಾಗಿಲ್ವಲ್ಲ, ಬ್ರೆಡ್ಡಿನ ಚುಚ್ಚೋ ಸಮಸ್ಯೆ ಅಲ್ಲಿ ಅರ್ಧ ಮಾಯ. ಆದ್ರೆ ನಮ್ಮ ಫ್ಯಾಕ್ಟರಿಗಳಿಂದ ಬರೋದನ್ನ ಹಂಗೇ ತಂದು ಹಿಟ್ಟಿಗೆ ಹಾಕೋ ಮಾತೇ ಇಲ್ಲ. ಮೂರರಲ್ಲಿ ಎರಡು ಭಾಗ ಪಿಷ್ಟ ಹೋದ್ಮೇಲೆ ಮೆಕ್ಕೆಜೋಳದಲ್ಲಿದ್ದ ಬೂಷ್ಟಿನ ವಿಷ ಮೂರು ಪಟ್ಟು ಗಟ್ಟಿಯಾಗಿ ಚರಟದಲ್ಲಿ ಕೂರುತ್ತೆ, ಹುದುಗೋವಾಗ ಬ್ಯಾಕ್ಟೀರಿಯಾ ಸಾಯಲಿ ಅಂತ ಕೆಲವು ಕಡೆ ಆಂಟಿಬಯೋಟಿಕ್ಕೂ ಹಾಕ್ತಾರೆ. ಆ ಪ್ಲಾಂಟ್ ಕಟ್ಟಿರೋದು ಇಂಧನ ಮಾಡಕ್ಕೆ, ಅಡುಗೆ ಮಾಡಕ್ಕಲ್ಲ.

ಹಂಗಾದ್ರೆ ಉಳಿದಿದ್ದು ತೌಡು. ನಂಗೆ ಇದ್ರಲ್ಲಿ ಜಾಸ್ತಿ ನಂಬಿಕೆ ಇರೋದೇ ಇದ್ರ ಮೇಲೆ. ಒಂದು ಕ್ವಿಂಟಾಲ್ ಭತ್ತ ಮಿಲ್ಲಿಗೆ ಹಾಕಿದ್ರೆ ಇಪ್ಪತ್ತು ಕೆಜಿ ಉಮಿ, ಎಂಟು ಕೆಜಿ ತೌಡು, ಅರವತ್ತೈದು ಎಪ್ಪತ್ತು ಕೆಜಿ ಅಕ್ಕಿ ನುಚ್ಚು ಎಲ್ಲ ಸೇರಿ. ತೌಡಲ್ಲಿ ಶೇ. 12-15 ಪ್ರೋಟೀನ್ ಅಂದ್ರೆ ಒಂದು ಕೆಜಿ ಚೂರುಪಾರು. ಅಕ್ಕಿಲಿ ಇರೋ ಒಟ್ಟು ಪ್ರೋಟೀನ್ ಐದು ಕೆಜಿ ಹತ್ರ, ಅದರ ಐದನೇ ಒಂದು ಭಾಗದಷ್ಟು, ಅದೂ ಒಳ್ಳೆ ಜಾತೀದು, ತೌಡಿನ ಜೊತೆ ಹೋಗುತ್ತೆ. ಬೇರ್ಪಡಿಸಿದ ತೌಡಿನ ಪ್ರೋಟೀನ್ ಜೀರ್ಣ ಆಗೋದ್ರಲ್ಲೂ ಮುಂದು, ಅಲರ್ಜಿ ಕಾಟಾನೂ ಕಮ್ಮಿ. ಗಂಗಾವತಿ ಕಾರಟಗಿ ಸಿಂಧನೂರು ಕಡೆ ಮಿಲ್ಲುಗಳ ಸಾಲೇ ಇದೆ, ಅಲ್ಲಿ ತೌಡಂದ್ರೆ ಯಾರೂ ವೇಸ್ಟ್ ಅನ್ನಲ್ಲ, ಎಣ್ಣೆ ತೆಗೆಯೋ ಸಾಲ್ವೆಂಟ್ ಪ್ಲಾಂಟಿನೋರು ಕ್ಯೂ ನಿಂತು ತಗೊಂಡೋಗ್ತಾರೆ, ಎಣ್ಣೆ ತೆಗೆದ ಮೇಲಿನ ಒಣ ತೌಡು ದನಕ್ಕೆ. ಆ ಒಣ ತೌಡಿನ ರಫ್ತನ್ನ ಕೇಂದ್ರ ಸರ್ಕಾರ 2023ರ ಜುಲೈಲಿ ನಿಲ್ಲಿಸಿ ಎರಡು ವರ್ಷದ ಮೇಲೂ ತಡೆದಿಟ್ಟಿತ್ತು, ಕಾರಣ ಪಶು ಆಹಾರದ ರೇಟು, ಅದ್ರ ಹಿಂದೆ ಹಾಲಿನ ರೇಟು. ತೌಡು ಎಷ್ಟು ದೊಡ್ಡ ಮನುಷ್ಯ ಅಂತ ಇದ್ರಲ್ಲೇ ಗೊತ್ತಾಗುತ್ತೆ.

ಬೇಕರಿಗೆ ಯಾಕೆ ಬರ್ತಿಲ್ಲ ಅಂದ್ರೆ, ಗಡಿಯಾರ. ಅಕ್ಕಿ ಕಾಳಲ್ಲಿ ಎಣ್ಣೆ ಒಂದು ಕೋಣೇಲಿ, ಅದನ್ನ ಕೆಡಿಸೋ ಲೈಪೇಸ್ ಅನ್ನೋ ಕಿಣ್ವ ಇನ್ನೊಂದು ಕೋಣೇಲಿ ಇರ್ತಾವೆ. ಮಿಲ್ಲಿನ ಕಲ್ಲು ಉಜ್ಜಿದ ಕ್ಷಣ ಗೋಡೆ ಒಡೆದು ಎರಡೂ ಸೇರ್ತಾವೆ, ಒಂದೇ ದಿನದಲ್ಲಿ ಎಣ್ಣೆಯ ಶೇ. 5-7 ಭಾಗ ಕೊಬ್ಬಿನ ಆಮ್ಲ ಆಗಿ ಹೋಗುತ್ತೆ. ಮೂರ್ನೇ ದಿನಕ್ಕೆ ತೌಡು ಸೋಪಿನ ವಾಸನೆ ಹೊಡೆಯುತ್ತೆ, ಹಸು ತಿನ್ನುತ್ತೆ, ಮನುಷ್ಯ ಮೂಗು ಮುಚ್ಕೊತಾನೆ. ಕ್ಯಾಲಿಫೋರ್ನಿಯಾದ ಆಲ್ಬನಿಯಲ್ಲಿರೋ ಅಮೆರಿಕ ಕೃಷಿ ಇಲಾಖೆ ಲ್ಯಾಬಲ್ಲಿ 1980ರ ದಶಕದಲ್ಲೇ ಇದಕ್ಕೆ ದಾರಿ ಕಂಡಿದ್ರು, ಮಿಲ್ಲಿಂದ ಬಿದ್ದ ತೌಡನ್ನ ಅಲ್ಲೇ ಎಕ್ಸ್‌ಟ್ರೂಡರ್ ಅನ್ನೋ ಒತ್ತಿ ಬಿಸಿ ಮಾಡೋ ಮೆಷಿನ್ನಲ್ಲಿ 125-130 ಡಿಗ್ರಿಗೆ ಕೆಲವೇ ಸೆಕೆಂಡ್ ಹಾಯಿಸಿ ಸ್ವಲ್ಪ ಹೊತ್ತು ಬಿಸಿಯಲ್ಲೇ ಇಟ್ರೆ ಕಿಣ್ವ ಸತ್ತು ತೌಡು ತಿಂಗಳುಗಟ್ಟಲೆ ಇರುತ್ತೆ. ಮೈಸೂರಿನ ಸಿಎಫ್‌ಟಿಆರ್‌ಐ ಅನ್ನೋ ಕೇಂದ್ರ ಸರ್ಕಾರದ ಆಹಾರ ಸಂಶೋಧನಾ ಸಂಸ್ಥೇಲಿ ಅಕ್ಕಿ ತೌಡಿನ ಮೇಲೆ ದಶಕಗಳ ಕೆಲಸ ಇದೆ. ಶೇಂಗಾ ಹಿಂಡಿ ಹಿಟ್ಟಿಗೆ ಕಡಲೆ ಹಿಟ್ಟು ಬೆರೆಸಿ ಮಲ್ಟಿಪರ್ಪಸ್ ಫುಡ್ ಅಂತ ಮಾಡಿದ ಸಂಸ್ಥೆ ಅದು, 1950ರ ದಶಕದಲ್ಲೇ, ಹಿಂಡೀನ ಮನುಷ್ಯರ ತಟ್ಟೆಗೆ ತರೋ ಯೋಚನೆ ಇವತ್ತಿನ ಸ್ಟಾರ್ಟಪ್ಪಿನೋರದ್ದೇನಲ್ಲ. ಆದ್ರೆ ಮಿಲ್ ಓನರಿಗೆ ಲಕ್ಷಗಟ್ಟಲೆ ಹಾಕಿ ಮೆಷಿನ್ ತಂದು ಕಿಣ್ವ ಸಾಯಿಸೋದ್ರಿಂದ ಏನು ಲಾಭ, ಸಂಜೆಗೆ ಸಾಲ್ವೆಂಟ್ ಪ್ಲಾಂಟ್ ಲಾರಿ ಹೆಂಗೂ ಬರುತ್ತಲ್ಲ. ಎಣ್ಣೆ ತೆಗೆದ ತೌಡಲ್ಲೇ ಪ್ರೋಟೀನ್ ತೆಗಿಯೋಣ ಅಂದ್ರೆ ಎಣ್ಣೆ ಕರಗಿಸೋ ಸಾಲ್ವೆಂಟನ್ನ ಓಡ್ಸಕ್ಕೆ ಕೊಟ್ಟ ಶಾಖಕ್ಕೆ ಪ್ರೋಟೀನ್ ಗಂಟು ಹಾಕ್ಕೊಂಡಿರುತ್ತೆ, ನೀರಲ್ಲಿ ಕರಗಲ್ಲ, ಕ್ಷಾರ ಜಾಸ್ತಿ ಹಾಕಿ ಎಳೆದ್ರೆ ಲೈಸಿನ್ನೇ ಹಾಳಾಗುತ್ತೆ. ಜೊತೆಗೆ ಅಕ್ಕೀಲಿರೋ ಆರ್ಸೆನಿಕ್ ಕೂಡ ತೌಡಲ್ಲೇ ಜಾಸ್ತಿ ಸೇರ್ಕೊಂಡಿರುತ್ತೆ, ಹಾಗಾಗಿ ಎಲ್ಲಿಯ ಭತ್ತ ಅನ್ನೋದನ್ನೂ ಟೆಸ್ಟ್ ಮಾಡ್ಬೇಕು, ಮಕ್ಕಳ ಬಿಸ್ಕೆಟ್ಟಿಗಂತೂ ಮಾಡ್ಲೇಬೇಕು.

2025ರ ಜುಲೈಲಿ ಮೆಕ್‌ಡೊನಾಲ್ಡ್ಸಿನೋರು ಬರ್ಗರ್ ಒಳಗೆ ಇಡೋ ಪ್ರೋಟೀನ್ ಸ್ಲೈಸ್ ಬಿಟ್ರಲ್ಲ, ಒಂದು ಸ್ಲೈಸಿಗೆ ಐದು ಗ್ರಾಂ ಪ್ರೋಟೀನ್, ಅದನ್ನ ಮಾಡಿದ್ದು ಇದೇ ಸಿಎಫ್‌ಟಿಆರ್‌ಐ ಜೊತೆ. ಅದಕ್ಕೆ ಹಾಕಿದ್ದು ಸೋಯಾ ಮತ್ತೆ ಬಟಾಣಿ. ತೌಡಿನ ಬಗ್ಗೆ ಅಷ್ಟು ತಿಳ್ಕೊಂಡಿರೋ ಸಂಸ್ಥೆ ಪಕ್ಕದಲ್ಲಿದ್ರೂ ಐದು ಗ್ರಾಂ ಖಚಿತವಾಗಿ ಬರ್ಬೇಕು ಅಂದಾಗ ಕೈ ಹೋಗಿದ್ದು ದ್ವಿದಳ ಧಾನ್ಯದ ಕಡೆಗೇ, ಅದು ಸರಿಯಾದ ಆಯ್ಕೆ. ಪ್ರೋಟೀನ್ ಮಾತ್ರ ಬೇಕು ಅಂದ್ರೆ ಕಡಲೆ ಹಿಟ್ಟಿನ ಜೊತೆ ಯಾವ ತೌಡೂ ರೇಸ್ ಗೆಲ್ಲಲ್ಲ. ತೌಡು ಚರಟ ಗೆಲ್ಲೋದು ನಾರು, ಖನಿಜ, ಸ್ವಲ್ಪ ಲೈಸಿನ್, ಬಿಸಾಕೋದು ತಪ್ಪೋದು, ಇವೆಲ್ಲ ಸೇರ್ಸಿ ನೋಡಿದಾಗ.

ಬಿಸಾಕೋದು ಅಂದಾಗ ನನಗೆ ಚರಟ ತಂದುಕೊಟ್ಟ ಟೆಂಪೋದವರು ನೆನಪಾಗ್ತಾರೆ, ಅವ್ರದ್ದು ನೆಲಮಂಗಲದ ಆಚೆ ಆರು ಹಸು. ಎರಡ್ನೇ ಸಲ ಬಂದಾಗ ಏನ್ ಸಾರ್ ನೀವ್ಗಳೂ ತಿನ್ನಕ್ಕೆ ಶುರು ಮಾಡಿದ್ರಾ, ರೇಟ್ ಏರ್ಸಿಬಿಡ್ತಾರೆ ಅಂದ್ರು. ನಗ್ತಾನೇ ಅಂದಿದ್ದು, ಆದ್ರೆ ತಮಾಷೆ ಅಲ್ಲ. ಹಸು ಹೊಟ್ಟೆಗೆ ಹೋದ ಪ್ರೋಟೀನಲ್ಲಿ ಕಾಲು ಭಾಗ ಹಾಲಾಗಿ ಬರುತ್ತೆ ಅನ್ಕೊಂಡ್ರೂ, ಬರೋ ಆ ಕಾಲು ಭಾಗ ಲೈಸಿನ್ ತುಂಬಿದ ಅವ್ವಲ್ ದರ್ಜೆದು, ಆ ನಾರೆಲ್ಲ ಹಸುಗೆ ಶಕ್ತಿ, ನಮಗೆ ಜೀರ್ಣಾನೇ ಆಗಲ್ಲ. ಅದಕ್ಕೇ ವೇಸ್ಟನ್ನ ಉಳಿಸ್ತಿದೀವಿ ಅನ್ನೋ ಜಾಹೀರಾತು ನೋಡಿದಾಗೆಲ್ಲ ನಂಗೆ ಮೊದಲು ಬರೋ ಪ್ರಶ್ನೆ, ನೀವು ಉಳಿಸಿದ್ದು ಚರಂಡಿಗೆ ಹೋಗ್ತಿದ್ದನ್ನಾ, ಕೊಟ್ಟಿಗೆಗೆ ಹೋಗ್ತಿದ್ದನ್ನಾ? ಮಳೆಗಾಲದಲ್ಲಿ ಟೆಂಪೋ ಬರದೆ ಕೊಳೆತು ಹೋಗೋ ಚರಟ ಇದ್ಯಲ್ಲ, ಅದನ್ನ ಒಣಗಿಸಿದ್ರೆ ಪುಣ್ಯ ಬರುತ್ತೆ.

ಕೈಯಲ್ಲಿ ದುಡ್ಡಿದ್ದು ಒಂದು ಕಡೆ ಶುರು ಮಾಡಿ ಅಂದ್ರೆ ನಾನು ಬೆಂಗಳೂರು ಬಿಟ್ಟು ಕರಾವಳಿಗೆ ಹೋಗ್ತೀನಿ. ಉಡುಪಿ ಮಂಗಳೂರು ಕಡೆ ಕುಚ್ಚಲಕ್ಕಿ ಮಾಡಕ್ಕೆ ಭತ್ತಾನೇ ಬೇಯಿಸ್ತಾರಲ್ಲ, ಆ ಬೇಯಿಸೋವಾಗಲೇ ಲೈಪೇಸ್ ಸತ್ತಿರುತ್ತೆ, ಎಕ್ಸ್‌ಟ್ರೂಡರ್ ಖರ್ಚೇ ಇಲ್ದೆ ತೌಡು ಅರ್ಧ ಸ್ಥಿರ ಆಗಿಯೇ ಮಿಲ್ಲಿಂದ ಬೀಳುತ್ತೆ. ಬಿಸಿಗೆ ಎಣ್ಣೆ ಕಾಪಾಡೋ ಪದಾರ್ಥಗಳೂ ಸ್ವಲ್ಪ ಹೋಗಿರೋದ್ರಿಂದ ಗಾಳಿ ತಾಗಿ ಕಮಟಾಗೋ ಭಯ ಇದ್ದೇ ಇರುತ್ತೆ, ಹಾಗಾಗಿ ಬೇಗ ಗಾಳಿಯಾಡದ ಚೀಲಕ್ಕೆ ತುಂಬ್ಬೇಕು, ಉಮಿ ಚೂರು ಸೇರದ ಹಂಗೆ ಜರಡಿ ಹಿಡೀಬೇಕು, ಹಳೇ ಹಲ್ಲರ್ ಮಿಲ್ಲಿನ ತೌಡು ಬೇಡವೇ ಬೇಡ, ಅದ್ರಲ್ಲಿ ಅರ್ಧ ಉಮೀನೇ. ಅದನ್ನ ಹದಿನೈದು ಪರ್ಸೆಂಟ್, ಕಡಲೆ ಹಿಟ್ಟು ಹದಿನೈದು ಪರ್ಸೆಂಟ್, ಉಳಿದಿದ್ದು ಗೋಧಿ ಹಿಟ್ಟು, ಓಂಕಾಳು, ಹಸಿಮೆಣಸು, ಸಕ್ಕರೆ ಒಂದು ಚಿಟಿಕೆ, ಸಣ್ಣ ಉರಿ. ಮೊನ್ನೆ ಊರಿಂದ ಬಂದ ನೆಂಟ್ರ ಹತ್ರ ಎರಡು ಕೆಜಿ ಕುಚ್ಚಲಕ್ಕಿ ತೌಡು ತರಿಸಿದೀನಿ, ಫ್ರಿಜ್ಜಲ್ಲಿಟ್ಟಿದೀನಿ ಈ ಸಲ, ಬಕೆಟ್ಟಲ್ಲಲ್ಲ.